ಸಿಡುಕು ಮಾಲೀಕನ ಪ್ರೇಮಕಥೆ ಮತ್ತು ತೆರೆದಿರಬೇಕಾದ ಬಾಗಿಲು

ಕಚೇರಿಯ ಮುಖ್ಯಸ್ಥ ಸಿರಿವಂತ, ಸಿಡುಕ, ಅಹಂಕಾರಿ. ಅವನ ಕೈಕೆಳಗೆ ದುಡಿಯುವ ತರುಣಿ ಎಲ್ಲವನ್ನೂ ಸಹಿಸಿಕೊಳ್ಳುತ್ತಾಳೆ. ಕೊನೆಗೆ ಅವನು ಅವಳೊಬ್ಬಳಿಗಾಗಿ ಮೃದುವಾಗುತ್ತಾನೆ. ಕೊರಿಯಾದ ಧಾರಾವಾಹಿಗಳಲ್ಲಿ, ಮೊಬೈಲ್‌ನಲ್ಲಿ ಕಂತುಕಂತಾಗಿ ಬರುವ ಕಥೆಗಳಲ್ಲಿ ಇದು ಮತ್ತೆ ಮತ್ತೆ ಕಾಣಿಸುತ್ತದೆ. ನಮ್ಮ ಮನೆಗಳ ಹೆಣ್ಣುಮಕ್ಕಳೂ ಇದರ ಓದುಗರೇ. "ಇಂಥವನಲ್ಲಿ ಏನು ಕಂಡೆ?" ಎಂದು ಗದರುವುದು ಸುಲಭ. ಆದರೆ ಆ ಪ್ರಶ್ನೆಗೆ ಉತ್ತರವನ್ನು ಕೇಳಿಸಿಕೊಳ್ಳುವ ತಾಳ್ಮೆ ನಮಗಿರುವುದಿಲ್ಲ.

ಆಕರ್ಷಣೆ ಇರುವುದು ಅವನ ಒರಟುತನದಲ್ಲಲ್ಲ ಎಂದು ನಾವು ಭಾವಿಸುತ್ತೇವೆ. ಯಾರನ್ನೂ ಮೆಚ್ಚದವನು ಮೆಚ್ಚಿದರೆ ಆ ಮೆಚ್ಚುಗೆಗೆ ಬೆಲೆ ಹೆಚ್ಚು. ಮನೆಯಲ್ಲೂ ಹೊರಗೂ ದುಡಿದು ಯಾರ ಗಮನಕ್ಕೂ ಬಾರದ ಹೆಣ್ಣಿಗೆ, ತನ್ನ ಬುದ್ಧಿ ಮತ್ತು ಶ್ರಮವನ್ನು ಒಬ್ಬರಾದರೂ ಗುರುತಿಸಿದರು ಎಂಬುದೇ ದೊಡ್ಡ ಕನಸು. ಅಧಿಕಾರವುಳ್ಳವನು ತನ್ನೆದುರು ತಪ್ಪೊಪ್ಪಿಕೊಳ್ಳುತ್ತಾನೆ ಎಂಬುದು ಇನ್ನೊಂದು ಕನಸು. ಇವುಗಳಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಈ ಕಥೆ ಹೊಸತೂ ಅಲ್ಲ. 1847ರಲ್ಲಿ ಪ್ರಕಟವಾದ, ಷಾರ್ಲೆಟ್ ಬ್ರಾಂಟೆ ಅವರ 'ಜೇನ್ ಐರ್' ಕಾದಂಬರಿಯ ರಾಚೆಸ್ಟರ್ ಇಂಥ ಒಡೆಯನೇ. ಜೇನ್ ಅವನ ಮನೆಯಲ್ಲಿ ಮಗುವಿಗೆ ಪಾಠ ಹೇಳುವ ಬಡ ಶಿಕ್ಷಕಿ. ಪತ್ನಿ ಬದುಕಿರುವುದನ್ನು ಮುಚ್ಚಿಟ್ಟು ಅವನು ಜೇನ್‌ಳೊಂದಿಗೆ ಮದುವೆಗೆ ನಿಲ್ಲುತ್ತಾನೆ. ಸತ್ಯ ಬಯಲಾದಾಗ, ಅವನು ಎಷ್ಟೇ ಅಂಗಲಾಚಿದರೂ, ಅವಳು ಬರಿಗೈಯಲ್ಲೇ ಎನ್ನುವಂತೆ ಹೊರಟುಬಿಡುತ್ತಾಳೆ. ಮರಳಿ ಬರುವ ಹೊತ್ತಿಗೆ ಅವನ ಪತ್ನಿ ತೀರಿಕೊಂಡಿರುತ್ತಾಳೆ. ಜೇನ್‌ಗೆ ಸ್ವಂತ ಆಸ್ತಿಯಿರುತ್ತದೆ. ಅವನೀಗ ಅವಳ ಒಡೆಯನಲ್ಲ. 2018ರ ಕೊರಿಯನ್ ಧಾರಾವಾಹಿ 'ವಾಟ್ಸ್ ರಾಂಗ್ ವಿತ್ ಸೆಕ್ರೆಟರಿ ಕಿಮ್' ಕೂಡ ಆರಂಭವಾಗುವುದು ಒಂಬತ್ತು ವರ್ಷ ದುಡಿದ ಕಾರ್ಯದರ್ಶಿ ಕೆಲಸ ಬಿಡಲು ನಿರ್ಧರಿಸುವುದರೊಂದಿಗೆ. ಬಿಟ್ಟು ಹೊರಡಬಲ್ಲವಳ ಒಪ್ಪಿಗೆಗೆ ಮಾತ್ರ ಅರ್ಥವಿದೆ. ಅಗ್ಗದ ಅನುಕರಣೆಗಳು ಒಡೆಯನ ಸಿಡುಕನ್ನು ಉಳಿಸಿಕೊಂಡು ಈ ಬಾಗಿಲನ್ನು ಮುಚ್ಚಿಬಿಡುತ್ತವೆ.

ನಿಜ ಜೀವನದಲ್ಲಿ ಆ ಬಾಗಿಲು ಕಿರಿದು. ಸಂಬಳ, ರಜೆ, ಬಡ್ತಿ ಎಲ್ಲವೂ ಮೇಲಧಿಕಾರಿಯ ಕೈಯಲ್ಲಿರುವಾಗ ಅವಳ ಮೌನವನ್ನು ಸಮ್ಮತಿಯೆಂದು ತಿಳಿಯುವುದು ಅನ್ಯಾಯ. ಇದಕ್ಕಾಗಿಯೇ 1997ರಲ್ಲಿ ಸುಪ್ರೀಂ ಕೋರ್ಟ್ ವಿಶಾಖಾ ತೀರ್ಪು ನೀಡಿತು. 2013ರಲ್ಲಿ ಕಾನೂನು ಬಂತು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ, ಲೈಂಗಿಕ ಕಿರುಕುಳದ ದೂರು ಆಲಿಸಲು ಆಂತರಿಕ ಸಮಿತಿ ಇರಲೇಬೇಕು.

ಕೆಲಸದ ನಂಟು ದಾಂಪತ್ಯವಾದ ಇನ್ನೊಂದು ಕಥೆ ನಮಗೆಲ್ಲ ಗೊತ್ತು. ಅಲ್ಲಿ ಬಂಡವಾಳ ಹೂಡಿದವರು ಹಝ್ರತ್ ಖದೀಜಾ(ರ). ಅವರ ಸರಕನ್ನು ಸಿರಿಯಾಕ್ಕೆ ಕೊಂಡೊಯ್ದವರು ಪ್ರವಾದಿ ಮುಹಮ್ಮದ್(ಸ). ಖದೀಜಾ(ರ)ರು ಮೆಚ್ಚಿದ್ದು ಅವರ ಪ್ರಾಮಾಣಿಕತೆಯನ್ನು. ವಿವಾಹದ ಇಂಗಿತವನ್ನು ನಫೀಸಾ ಎಂಬ ಗೆಳತಿಯ ಮೂಲಕ ತಿಳಿಸಿದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಒಲ್ಲೆ ಎನ್ನಲು ಮುಜುಗರವಾಗದ ದಾರಿಯದು. ಅಧಿಕಾರವಿದ್ದವರು ಅದನ್ನು ಬದಿಗಿಟ್ಟು ಕೇಳಿದ ಬಗೆಯಲ್ಲಿ ನಮಗೆ ಪಾಠವಿದೆ.

ಇನ್ನು ನಮ್ಮ ಮನೆಗಳ ಮಾತು. ಕೆಲಸಕ್ಕೆ ಹೋಗುವ ಮಗಳು ಮೇಲಧಿಕಾರಿಯ ವರ್ತನೆ ಸರಿಯಿಲ್ಲವೆಂದರೆ ನಮ್ಮ ಮೊದಲ ಮಾತೇನು? "ನಾಳೆಯಿಂದ ಕೆಲಸಕ್ಕೆ ಹೋಗಬೇಡ" ಎಂಬುದೇ ಆದರೆ ಅವಳು ಎರಡನೆಯ ಸಲ ಹೇಳುವುದಿಲ್ಲ. ತಪ್ಪು ಅವನದು, ಶಿಕ್ಷೆ ಅವಳಿಗೆ ಎಂದಾಗುತ್ತದೆ. ಆಗ ಸಿಡುಕ ಒಂದು ದಿನ ಬದಲಾದಾನು ಎಂಬ ಕಥೆಯೊಂದೇ ಅವಳಿಗೆ ಆಸರೆಯಾಗಿ ಉಳಿಯುತ್ತದೆ.

ಆದ್ದರಿಂದ ಪುಸ್ತಕ ಕಸಿಯುವ ಮೊದಲು ಮಗಳ ಪಕ್ಕ ಕುಳಿತು ಕೇಳೋಣ: "ಈ ಹುಡುಗಿ ಬೇಡವೆಂದಿದ್ದರೆ ಅವನು ಏನು ಮಾಡುತ್ತಿದ್ದ?" ಆ ಪ್ರಶ್ನೆ ಅವಳೊಂದಿಗೆ ಕಚೇರಿಗೂ ಹೋಗಲಿ. ಅಲ್ಲಿಂದ ಹೊರಡಬೇಕಾಗಿ ಬಂದರೆ ಮನೆಯ ಬಾಗಿಲು ತೆರೆದಿರಲಿ.