ಈಚಲ ಮರದಡಿ ಪಾಪ, ಹಜಾರದಲ್ಲಿ ರಸಿಕತೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನಮ್ಮ ಕೆಲವು ಮನೆಗಳಲ್ಲಿ ಹಬ್ಬದ ದಿನ ಹೊಸದೊಂದು ಹವ್ಯಾಸ ಬಂದು ಕುಳಿತಿರುವುದನ್ನು ನೀವೂ ಗಮನಿಸಿರಬಹುದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನೋ ಅಳಿಯನೋ ಕ್ರಿಸ್ತಜಯಂತಿಗೆ ಬರುವಾಗ ಹೊಸ ಬಟ್ಟೆ, ಕೇಕುಗಳ ಜೊತೆಗೆ ನಾಲ್ಕಾರು ಬಗೆಯ ಬಿಯರ್ ಶೀಷೆಗಳನ್ನೂ ತರುತ್ತಾನೆ. ಇದು ಬಾರಿನಲ್ಲಿ ಸಿಗುವ ಮಾಮೂಲು ಬಿಯರ್ ಅಲ್ಲ, ‘ಕ್ರಾಫ್ಟ್ ಬಿಯರ್’ ಎನ್ನುತ್ತಾನೆ. ಗಾಜಿನ ಲೋಟವನ್ನು ಓರೆಯಾಗಿ ಹಿಡಿದು ಸುರಿಯುತ್ತಾನೆ. ಬೆಳಕಿಗೆ ಎತ್ತಿ ಬಣ್ಣ ನೋಡುತ್ತಾನೆ. ನೊರೆ ಎಷ್ಟು ಹೊತ್ತು ನಿಂತಿತೆಂದು ಗಮನಿಸುತ್ತಾನೆ. ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ, ಕಿತ್ತಳೆ ಸಿಪ್ಪೆಯ ಪರಿಮಳ, ಹುರಿದ ಕಾಫಿಬೀಜದ ಛಾಯೆ, ಕೊನೆಯಲ್ಲಿ ಉಳಿಯುವ ಕಹಿ ಎಂದು ಒಂದೊಂದನ್ನೂ ಹೆಸರಿಸಿ, ಐದಕ್ಕೆ ಇಷ್ಟು ಅಂಕವೆಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಕೌತುಕದಿಂದ ನೋಡುತ್ತಿರುವ ತಂದೆಗೆ ಒಂದು ಸಮಾಧಾನದ ಮಾತೂ ದೊರೆಯುತ್ತದೆ: ‘ಇದು ಕುಡಿತವಲ್ಲ ಅಪ್ಪಾ, ರುಚಿ ನೋಡುವುದು.’

ನನ್ನ ತಕರಾರು ಇರುವುದು ಈ ಕೊನೆಯ ಮಾತಿನ ಮೇಲೆ. ಕುಡಿತಕ್ಕೆ ಒಂದು ಹೆಸರು, ರುಚಿ ನೋಡುವುದಕ್ಕೆ ಇನ್ನೊಂದು ಹೆಸರು ಎಂದಾದರೆ, ಆ ಎರಡನೆಯ ಹೆಸರು ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂಬುದನ್ನು ನಿರ್ಣಯಿಸಿದವರು ಯಾರು?

ಈ ಹವ್ಯಾಸ ಹುಟ್ಟಿದ ನಾಡಿನ ಕಥೆಯನ್ನು ಸ್ವಲ್ಪ ನೋಡೋಣ. ದೊಡ್ಡ ದೊಡ್ಡ ಕಾರ್ಖಾನೆಗಳು ಊರೂರಿನ ಚಿಕ್ಕ ಭಟ್ಟಿಗಳನ್ನು ನುಂಗಿಹಾಕುತ್ತಿದ್ದ ಕಾಲದಲ್ಲಿ, 1971ರಲ್ಲಿ, ಬ್ರಿಟನ್ನಿನ ಕೆಲವರು ಹಳೆಯ ಪದ್ಧತಿಯ ಪಾನೀಯವನ್ನು ಉಳಿಸಿಕೊಳ್ಳಲು ‘ಕಾಮ್ರಾ’ ಎಂಬ ಗ್ರಾಹಕರ ಸಂಘವನ್ನು ಕಟ್ಟಿದರು. 1977ರಲ್ಲಿ ಮೈಕೆಲ್ ಜಾಕ್ಸನ್ (ಹಾಡುಗಾರನಲ್ಲ, ಅದೇ ಹೆಸರಿನ ಇಂಗ್ಲಿಷ್ ಪತ್ರಕರ್ತ) ಜಗತ್ತಿನ ಬಿಯರುಗಳನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಹೊರತಂದರು. ಯಾವ ಬಿಯರ್ ಯಾವ ಸೀಮೆಯದು, ಅದರ ರುಚಿ ಹೇಗೆ ಬೇರೆ ಎಂದು ವಿಂಗಡಿಸಿ ಹೇಳುವ ಪರಿಭಾಷೆ ಬೆಳೆದದ್ದು ಬಹುಮಟ್ಟಿಗೆ ಅಲ್ಲಿಂದ. ಎಂದರೆ, ಇಂದು ನಮ್ಮ ಹುಡುಗರು ಆಡುವ ಆ ರಸಿಕ ಭಾಷೆಯ ಮೂಲದಲ್ಲಿ ಒಂದು ನ್ಯಾಯದ ಕೂಗು ಇತ್ತು. ಹಳ್ಳಿಯವನ ಪಾನೀಯಕ್ಕೂ ಗೌರವವಿದೆ, ಕಾರ್ಖಾನೆಯ ಎದುರು ಅದು ಸಾಯಬಾರದು ಎಂಬ ಕೂಗು.

ನಮ್ಮ ಹಳ್ಳಿಯವನ ಪಾನೀಯ ಯಾವುದಾಗಿತ್ತು? ನಮ್ಮ ಈ ಒಣಸೀಮೆಯ ಹಳ್ಳದ ದಂಡೆಗಳಲ್ಲಿ, ಕೆರೆಯಂಗಳದ ಅಂಚುಗಳಲ್ಲಿ ಇಂದಿಗೂ ನಿಂತಿರುವ ಈಚಲು ಮರಗಳನ್ನು ಕೇಳಿ. ಚಾಪೆ, ಪೊರಕೆ, ಮಂಕರಿಗಳಿಗೆ ಗರಿ ಕೊಟ್ಟ ಮರವೇ ಸೇಂದಿಯನ್ನೂ ಕೊಟ್ಟಿತು. ಸುಳಿಯ ಕೆಳಗೆ ಕೆತ್ತಿ ರಾತ್ರಿ ಮಡಕೆ ಕಟ್ಟಿದರೆ ಬೆಳಗಿನ ಜಾವಕ್ಕೆ ಇಳಿಯುವುದು ಸಿಹಿಯಾದ ನೀರಾ. ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಅದು ಸಿಹಿಯಾಗಿಯೇ ಉಳಿದೀತು. ಬಳಿಯದಿದ್ದರೆ ಗಾಳಿಯಲ್ಲಿ, ಮಡಕೆಯಲ್ಲಿ ಇರುವ ಯೀಸ್ಟು ಬಿಸಿಲೇರಿದಂತೆ ತನ್ನ ಕೆಲಸ ಮಾಡಿ ಅದನ್ನು ಹುದುಗಿಸುತ್ತದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿರಸಕ್ಕೆ ಹಾಪ್ಸ್ ಎಂಬ ಕಹಿ ಹೂವನ್ನು ಬೆರೆಸಿ ಬೆಂಗಳೂರಿನಲ್ಲಿ ಮಾಡುವುದೂ ಇದೇ ಯೀಸ್ಟಿನ ಕೆಲಸ. ಸಂಜೆಯ ವೇಳೆಗೆ ಸೇಂದಿಯ ಮದ್ಯಾಂಶ ಶೇಕಡಾ 4-5ರ ಆಸುಪಾಸಿಗೆ ಬರುತ್ತದೆ. ಸಾಮಾನ್ಯ ಬಿಯರಿನದೂ ಹೆಚ್ಚುಕಡಿಮೆ ಅಷ್ಟೇ. ಬೆಳಗಿನ ಸಿಹಿ, ಮಧ್ಯಾಹ್ನದ ಚುರುಕು, ನೆನ್ನೆಯ ಮಡಕೆಯ ಹುಳಿ ಇವುಗಳನ್ನು ಒಂದು ಗುಟುಕಿನಲ್ಲಿ ಗುರುತಿಸುವ ನಾಲಿಗೆ ಮರ ಹತ್ತುವವನಿಗೂ ಇತ್ತು, ಕುಡಿಯುವವನಿಗೂ ಇತ್ತು. ಆದರೆ ಅವನ ನಾಲಿಗೆಯನ್ನು ನಾವು ರಸಿಕನ ನಾಲಿಗೆ ಎನ್ನಲಿಲ್ಲ. ಕುಡುಕನ ನಾಲಿಗೆ ಎಂದೆವು. ಜಿ. ಪಿ. ರಾಜರತ್ನಂ ಅವರು ಹೆಂಡ ಕುಡಿಯುವ ರತ್ನನ ಬಾಯಲ್ಲಿ ಪದಗಳನ್ನು ಆಡಿಸಿದಾಗ ಅವನ್ನು ಮೆಚ್ಚಿ ಹಾಡಿದೆವು. ರತ್ನನೇ ಎದುರಿಗೆ ಬಂದರೆ ಜಗಲಿಯಿಂದಾಚೆಗೆ ಕಳುಹಿಸಿದೆವು.

ಸೇಂದಿಯನ್ನು ನಾನು ಇಲ್ಲಿ ಅಮೃತವೆನ್ನುತ್ತಿಲ್ಲ. 1939ರಲ್ಲಿ ನಮ್ಮ ಶಿರಾದ ನೆರೆಯ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ ಜನ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದ್ದು ಸುಮ್ಮನಲ್ಲ. 1992ರಲ್ಲಿ ನೆಲ್ಲೂರಿನ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿಯ ವಿರುದ್ಧ ಎದ್ದು ನಿಂತದ್ದೂ ಸುಮ್ಮನಲ್ಲ. ಗುತ್ತಿಗೆದಾರರ ಕಾಲದಲ್ಲಿ ಮರದಿಂದ ಇಳಿದದ್ದಕ್ಕಿಂತ ಅಂಗಡಿಯಲ್ಲಿ ಮಾರಿದ ಸೇಂದಿ ಹೆಚ್ಚಾಯಿತು. ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆಯ ಮದ್ದನ್ನು ಬೆರೆಸಿ ಮಾರಿದರು. ಎಷ್ಟೋ ದೇಹಗಳು ಹಾಳಾದವು. 2004ರಲ್ಲಿ ಸರಕಾರ ಕರಾವಳಿಯನ್ನು ಬಿಟ್ಟು ನಮ್ಮಂಥ ಒಳನಾಡಿನ ಜಿಲ್ಲೆಗಳಲ್ಲಿ ಸೇಂದಿಯನ್ನು ನಿಲ್ಲಿಸಿದಾಗ, 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ, ನಮ್ಮಲ್ಲಿ ಅನೇಕರು ಸಂತೋಷಪಟ್ಟರು. ಆ ಸಂತೋಷಕ್ಕೆ ಕಾರಣವಿತ್ತು.

ಆದರೆ ಆಮೇಲೆ ಏನಾಯಿತು? ಕುಡಿಯುವವನು ಅಂಗಡಿ ಬದಲಿಸಿದ. ಶೇಕಡಾ 5ರ ಸೇಂದಿಯ ಜಾಗಕ್ಕೆ ಶೇಕಡಾ 42.8ರ ಅಗ್ಗದ ವಿಸ್ಕಿ ಪೊಟ್ಟಣ ಬಂತು. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿರುವ ಪಾವಗಡದಲ್ಲಿ, ಗಡಿ ದಾಟಿದರೆ ಸೇಂದಿಗೆ ಅಂಥ ನಿಷೇಧವಿಲ್ಲವೆಂಬುದು ಎಲ್ಲರಿಗೂ ಗೊತ್ತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗಗಳಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಮರ ಹತ್ತುತ್ತಿದ್ದವನು ಕೂಲಿಗೆ ಹೋದ.

ಇನ್ನೊಂದು ಸಂಗತಿಯನ್ನೂ ನೆನಪಿಸಬೇಕು. ತೆಂಗಿಗೆ ನುಸಿಪೀಡೆ ಬಡಿದು ಬೆಳೆ ನೆಲಕಚ್ಚಿದ್ದಾಗ, ನೀರಾ ಇಳಿಸಿ ಮಾರುವ ಹಕ್ಕನ್ನು ಕೇಳಿ ರೈತರು ಬೀದಿಗೆ ಬಂದರು. 2001ರ ಅಕ್ಟೋಬರಿನಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ರೈತರು ಬಲಿಯಾದರು. ಅವರು ಕೇಳಿದ್ದು ಅಮಲಿಲ್ಲದ ಸಿಹಿ ನೀರಾ. ಅದಾಗಿ ಹತ್ತು ವರ್ಷ ತುಂಬುವುದರೊಳಗೆ, ಅಲ್ಲಿಂದ ಅನತಿ ದೂರದ ಬೆಂಗಳೂರಿನಲ್ಲಿ, ಗಿರಾಕಿಯ ಕಣ್ಣೆದುರೇ ಬಿಯರ್ ಕುದಿಸಿ ಹುದುಗಿಸಿ ಬಡಿಸುವ ಮೈಕ್ರೋಬ್ರೂವರಿಗಳಿಗೆ ಪರವಾನಗಿ ದೊರೆಯಿತು. ಬ್ರಿಟನ್ನಿನಲ್ಲಿ ಹಳ್ಳಿಯ ಪಾನೀಯವನ್ನು ಉಳಿಸಲು ಹುಟ್ಟಿದ ರಸಿಕತೆ ನಮ್ಮಲ್ಲಿಗೆ ಬಂದು ಸೇರಿದ್ದು ಹಳ್ಳಿಯ ಪಾನೀಯವನ್ನು ಹೂತ ಮೇಲೆ. ಅದರ ಗೋರಿಯ ಪಕ್ಕದಲ್ಲೇ ಕುಳಿತು ನಾವು ‘ಇಂಡಿಯಾ ಪೇಲ್ ಏಲ್’ಗೆ ಅಂಕ ಕೊಡುತ್ತಿದ್ದೇವೆ. ಹೆಸರಿನಲ್ಲಿ ಇಂಡಿಯಾ ಇದ್ದರೂ ಅದು ಇಲ್ಲಿದ್ದ ಬ್ರಿಟಿಷರಿಗಾಗಿ ಹಡಗು ಹತ್ತಿ ಬಂದ ಪಾನೀಯ ಎಂಬುದನ್ನು ನಮ್ಮ ಹುಡುಗರು ಬಲ್ಲರು. ಈಚಲ ಮಡಕೆಗೆ ಸುಣ್ಣ ಏಕೆ ಬಳಿಯುತ್ತಿದ್ದರೆಂದು ಬಲ್ಲರೇ?

ಈಗ ಲೆಕ್ಕಕ್ಕೆ ಬರೋಣ. ಮೂವರು ಕುಳಿತು 330 ಮಿ.ಲೀ.ಯ ಆರು ಶೀಷೆಗಳ ‘ರುಚಿ ನೋಡಿದರು’ ಎಂದಿಟ್ಟುಕೊಳ್ಳಿ. ತಲೆಗೆ 660 ಮಿ.ಲೀ. ಆಯಿತು. ಮದ್ಯಾಂಶ ಶೇಕಡಾ 6 ಇದ್ದರೆ ಅದರಲ್ಲಿರುವ ಅಪ್ಪಟ ಮದ್ಯಸಾರ ಸುಮಾರು 31 ಗ್ರಾಂ. ಸಂತೆಯ ದಿನ ಕೂಲಿಯವನು ಹಲ್ಲಿನಿಂದ ಹರಿದು ಗಂಟಲಿಗೆ ಸುರಿದುಕೊಳ್ಳುವ 90 ಮಿ.ಲೀ.ಯ ವಿಸ್ಕಿ ಪೊಟ್ಟಣದಲ್ಲಿರುವುದು ಸುಮಾರು 30 ಗ್ರಾಂ. ಯಕೃತ್ತಿಗೆ ಕಿತ್ತಳೆ ಸಿಪ್ಪೆಯ ಪರಿಮಳ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಗ್ರಾಂ ಮಾತ್ರ. ದ್ರಾಕ್ಷಾರಸದ ಪರೀಕ್ಷಕರು ರುಚಿ ನೋಡಿ ಉಗಿದುಬಿಡುತ್ತಾರೆ. ಬಿಯರ್ ಪರೀಕ್ಷಕರು ಸಾಮಾನ್ಯವಾಗಿ ನುಂಗುತ್ತಾರೆ. ಕಹಿಯ ಪೂರ್ಣ ಅನುಭವ ಗಂಟಲು ದಾಟಿದ ಮೇಲೆಯೇ ಎಂಬುದು ಅವರ ವಾದ. ಅನುಕೂಲವಾದ ವಾದ! ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿಯೇ ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿ ಇಟ್ಟಿತು. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ಅದೇ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಆ ಎಚ್ಚರಿಕೆಯಲ್ಲಿ ಪೊಟ್ಟಣಕ್ಕೊಂದು, ಕ್ರಾಫ್ಟ್ ಶೀಷೆಗೊಂದು ಎಂಬ ಭೇದವಿರಲಿಲ್ಲ.

ಮೆಲ್ಲಗೆ ಸವಿಯುವವನು ಗಟಗಟನೆ ಕುಡಿಯುವವನಿಗಿಂತ ಕಡಿಮೆ ಕುಡಿಯುತ್ತಾನೆ ಎಂಬ ವಾದವುಂಟು. ನಾಲ್ಕನೆಯ ಶೀಷೆಯನ್ನು ನಾಳೆಗೆ ಎತ್ತಿಡಬಲ್ಲವನ ಮಟ್ಟಿಗೆ ಅದು ನಿಜ, ಒಪ್ಪುತ್ತೇನೆ. ಇನ್ನು ಕೆಲವರು ಮಠಗಳನ್ನು ಸಾಕ್ಷಿಗೆ ಕರೆಯುತ್ತಾರೆ: ಯೂರೋಪಿನ ಟ್ರಾಪಿಸ್ಟ್ ಸನ್ಯಾಸಿಗಳೇ ಬಿಯರ್ ಮಾಡುತ್ತಾರಲ್ಲ! ಮಾಡುತ್ತಾರೆ, ಸರಿ. ಅವರು ಅನುಸರಿಸುವ ಸಂತ ಬೆನೆಡಿಕ್ಟರ ನಿಯಮಾವಳಿಯ 40ನೇ ಅಧ್ಯಾಯವನ್ನೂ ಓದಿ. ಅಲ್ಲಿ ಪಾನೀಯದ ರುಚಿಯ ಮಾತಿಲ್ಲ, ಅಳತೆಯ ಮಾತಿದೆ. ದಿನಕ್ಕೆ ಸುಮಾರು ಕಾಲು ಲೀಟರ್ ದ್ರಾಕ್ಷಾರಸ ಸಾಕು, ಬಿಡಬಲ್ಲವರು ಬಿಟ್ಟರೆ ಒಳ್ಳೆಯದು, ಸಿಗದ ಸೀಮೆಯಲ್ಲಿರುವವರು ಗೊಣಗದೆ ದೇವರನ್ನು ಸ್ತುತಿಸಬೇಕು ಎಂಬುದು ಅದರ ಸಾರ. 2005ರಲ್ಲಿ ಬೆಲ್ಜಿಯಮ್ಮಿನ ವೆಸ್ಟ್‌ವ್ಲೆಟರೆನ್ ಮಠದ ಬಿಯರಿಗೆ ರಸಿಕರು ಜಗತ್ತಿನಲ್ಲೇ ಅತ್ಯುತ್ತಮವೆಂದು ಅಂಕ ಕೊಟ್ಟಾಗ ಮಠದ ಬಾಗಿಲಿಗೆ ಕಾರುಗಳ ಸಾಲು ಬಂದು ನಿಂತಿತು. ದಾಸ್ತಾನು ಮುಗಿಯಿತು. ಸನ್ಯಾಸಿಗಳು ಉತ್ಪಾದನೆಯನ್ನು ಹೆಚ್ಚಿಸಲಿಲ್ಲ. ಸನ್ಯಾಸಿಗಳ ಸಾಕ್ಷ್ಯ ಬೇಕೆನ್ನುವವರು ಅದನ್ನು ಪೂರ್ತಿ ಕೇಳಬೇಕಷ್ಟೆ.

ಹವ್ಯಾಸದ ಮುಂದಿನ ಮೆಟ್ಟಿಲಾಗಿ ಮನೆಯಲ್ಲೇ ಬಿಯರ್ ಮಾಡಿ ನೋಡುವ ಉತ್ಸಾಹ ಬಂದವರಿಗೆ ಒಂದು ಮಾತು: 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಅದನ್ನು ತಯಾರಿಸುವುದು ಅಪರಾಧ. ಕದ್ದು ಸೇಂದಿ ಇಳಿಸುವವನಿಗೂ ನಿಮಗೂ ಕಾನೂನಿನಲ್ಲಿ ಅಂತರವಿಲ್ಲ. ಅಂತರವಿರುವುದು ಪೊಲೀಸರು ಯಾರ ಮನೆಯ ಬಾಗಿಲು ತಟ್ಟುತ್ತಾರೆ ಎಂಬುದರಲ್ಲಿ.

ಕೊನೆಗೆ ನಿಮ್ಮ ಹಜಾರವನ್ನೇ ನೋಡಿ. ಹಬ್ಬದ ದಿನ ಅಲ್ಲಿ ಕುಳಿತಿರುವವರು ಮೂವರು ರಸಿಕರಷ್ಟೇ ಅಲ್ಲ. ಅಡುಗೆಮನೆಯಲ್ಲಿ ನೆಂಚಿಕೊಳ್ಳಲು ಕರಿಯುತ್ತಿರುವ ತಾಯಿ ಇದ್ದಾಳೆ. ಅವಳ ತವರಿನಲ್ಲಿ ಕುಡಿತ ಏನೇನು ಮಾಡಿತೆಂದು ಅವಳು ಈ ಮನೆಯಲ್ಲಿ ಯಾರಿಗೂ ಹೇಳಿರಲಿಕ್ಕಿಲ್ಲ. ಹತ್ತು ವರ್ಷದ ಮೊಮ್ಮಗನಿದ್ದಾನೆ. ಮಾವ ಮಾಡುವುದನ್ನೆಲ್ಲ ಅವನು ಕಲಿಯುತ್ತಾನೆ, ನೀರಿನ ಲೋಟವನ್ನೂ ಬೆಳಕಿಗೆ ಎತ್ತಿ ನೋಡುತ್ತಾನೆ, ಎಲ್ಲರೂ ನಗುತ್ತಾರೆ. ಮೂಲೆಯ ಕುರ್ಚಿಯಲ್ಲಿ ಚಿಕ್ಕಪ್ಪ ಇದ್ದಾನೆ. ನಮ್ಮ ತಾಲ್ಲೂಕುಗಳಲ್ಲಿ ಇಂಥ ಒಬ್ಬ ಚಿಕ್ಕಪ್ಪನೋ ಸೋದರಮಾವನೋ ಇಲ್ಲದ ಕುಟುಂಬ ಅಪರೂಪ. ಆಸ್ಪತ್ರೆಯಲ್ಲಿ ಮಲಗಿ ಎದ್ದು, ಕುಡಿತ ಬಿಟ್ಟು, ಒಂದೊಂದೇ ದಿನವನ್ನು ದಾಟುತ್ತಿರುವವನು. ಅವನಿಗೆ ‘ರುಚಿ ನೋಡುವುದು’ ಎಂಬ ನಡುದಾರಿಯಿಲ್ಲ. ಒಂದು ಗುಟುಕೆಂದರೆ ಮತ್ತೆ ಮೊದಲಿನ ಹಳ್ಳ. ಬಾರಿಗೆ ಹೋಗದಿರಲು ಅವನು ಕಲಿತಿದ್ದಾನೆ. ಬಾರು ತಾನೇ ಅಣ್ಣನ ಮನೆಯ ಹಜಾರಕ್ಕೆ ಬಂದರೆ ಅವನು ಎಲ್ಲಿಗೆ ಹೋಗಬೇಕು? ಹಬ್ಬದ ಊಟ ಬಿಟ್ಟು ಎದ್ದು ಹೋದರೆ ‘ಇವನಿಗೇನಾಯಿತು’ ಎಂದು ನಾವೇ ಕೇಳುತ್ತೇವೆ.

ಶೀಷೆಗಳನ್ನು ಮೋರಿಗೆ ಸುರಿಯಿರಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನೀವು ಕೇಳುವುದೂ ಇಲ್ಲ. ಮಗನ ಆ ಅಂಕದ ಪುಸ್ತಕವನ್ನು ಒಮ್ಮೆ ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಬಣ್ಣ, ನೊರೆ, ಪರಿಮಳ, ಕಹಿ ಎಂದು ಅಂಕಣಗಳಿರುತ್ತವೆ. ಪಕ್ಕದಲ್ಲಿ ಇನ್ನೆರಡು ಗೆರೆ ಎಳೆಯಲು ಹೇಳಿ. ಒಂದರಲ್ಲಿ ತಲೆಗೆ ಎಷ್ಟು ಗ್ರಾಂ ಮದ್ಯಸಾರ ಆಯಿತೆಂಬುದನ್ನು ಬರೆಯಲಿ, ಇನ್ನೊಂದರಲ್ಲಿ ಆ ಹೊತ್ತು ಕೋಣೆಯಲ್ಲಿ ಯಾರು ಯಾರು ಇದ್ದರೆಂಬುದನ್ನು. ಬರೆದಾದ ಮೇಲೆ ಅಡುಗೆಮನೆಗೆ ಹೋಗಿ, ಆ ಪುಟವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಲಿ.