ಒಪ್ಪಿಗೆ ಕೇಳಬೇಕಾದ ಹೊತ್ತು

ಕಲಬುರಗಿ ಕಥೋಲಿಕ ಧರ್ಮಪ್ರಾಂತ್ಯ ರೂಪುಗೊಂಡದ್ದು 2005ರಲ್ಲಿ. ಮೆಥೋಡಿಸ್ಟ್ ಮಿಷನರಿಗಳಂತೂ ನಿಜಾಮರ ಕಾಲದಲ್ಲೇ ಈ ಸೀಮೆಗೆ ಬಂದಿದ್ದರು. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಕ್ರೈಸ್ತರು ಇಂದಿಗೂ ಕೆಲವೇ ಮಂದಿ. ಪ್ರೀತಿ, ಮದುವೆ, ಬೀಗತನಗಳಲ್ಲಿ ಅವರ ನಂಬಿಕೆ ಇಷ್ಟು ವರ್ಷಗಳಲ್ಲಿ ಏನು ಕೊಟ್ಟಿತು, ಏನು ಬಾಕಿ ಉಳಿಸಿತು ಎಂದು ತಿರುಗಿ ನೋಡಬೇಕಾಗಿದೆ.

ಕೊಟ್ಟದ್ದರಲ್ಲಿ ದೊಡ್ಡದು ಹೆಣ್ಣಿನ ಮಾತಿಗೆ ಬೆಲೆ. ಸಭೆಯ ಮುಂದೆ ವಧು, ವರ ಇಬ್ಬರೂ ಬಾಯಿಬಿಟ್ಟು ಒಪ್ಪಬೇಕು. ಆ ಸಮ್ಮತಿಯಿಂದಲೇ ಮದುವೆ ಆಗುತ್ತದೆ, ಬೇರಾರೂ ಅವರ ಪರವಾಗಿ ಒಪ್ಪುವಂತಿಲ್ಲ ಎನ್ನುತ್ತದೆ 1983ರ ಕಥೋಲಿಕ ಧರ್ಮಸಂಹಿತೆ. ತೊಟ್ಟಿಲಲ್ಲೇ ‘ಇವಳು ಸೋದರಮಾವನಿಗೆ’ ಎಂದು ಗೊತ್ತುಮಾಡುವ ರೂಢಿಯಿದ್ದ ನಾಡಿನಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಅಕ್ಕನ ಮಗಳನ್ನು ಮದುವೆಯಾಗುವುದಕ್ಕೂ ಅದೇ ಸಂಹಿತೆ ಅಡ್ಡಿ ಹೇಳುತ್ತದೆ.

ಕಾನೂನೂ ನಿಧಾನವಾಗಿ ಜೊತೆಗೆ ಬಂತು. ಕ್ರೈಸ್ತರಿಗೆ ಅನ್ವಯವಾಗುವ 1869ರ ವಿಚ್ಛೇದನ ಕಾಯ್ದೆಯಡಿ ಗಂಡನ ವ್ಯಭಿಚಾರವೊಂದೇ ಹೆಂಡತಿಗೆ ಸಾಕಾಗುತ್ತಿರಲಿಲ್ಲ. ಅದರೊಂದಿಗೆ ಕ್ರೌರ್ಯವನ್ನೋ ತೊರೆದದ್ದನ್ನೋ ಅವಳು ಸಾಬೀತುಪಡಿಸಬೇಕಿತ್ತು. ಗಂಡನಿಗೆ ಆ ಹೊರೆ ಇರಲಿಲ್ಲ. ಈ ತಾರತಮ್ಯ ತೊಲಗಿದ್ದು 2001ರ ತಿದ್ದುಪಡಿಯಿಂದ.

ಬಾಕಿಯ ಪಟ್ಟಿಯೂ ಚಿಕ್ಕದಲ್ಲ. ಒಂದೇ ಪೀಠದ ಮುಂದೆ ಮಂಡಿಯೂರಿದವರೇ ಬೀಗತನದ ಮಾತು ಬಂದಾಗ ಯಾವ ಕೇರಿ ಎಂದು ಕೇಳುತ್ತಾರೆ. 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿರುವುದರಿಂದ, ನಂಬಿಕೆ ಹೇಳಿಕೊಂಡರೆ ಮಕ್ಕಳ ಜಾತಿ ಪ್ರಮಾಣಪತ್ರ ಏನಾದೀತು ಎಂಬ ಅಂಜಿಕೆಯೂ ಸಂಬಂಧ ಕುದುರಿಸುವಾಗ ಎದುರಾಗುತ್ತದೆ. ಹುಂಡಾ ಬೇಡವೆಂದು ಪ್ರಸಂಗ ಕೇಳಿದವರು ಮನೆಗೆ ಬಂದು ಬಂಗಾರದ ತೊಲ ಎಣಿಸುತ್ತಾರೆ. ಧರ್ಮ ದಾಟಿ ಪ್ರೀತಿಸಿದವರ ಪಾಡು ಇನ್ನೂ ಕಷ್ಟ. 1954ರ ವಿಶೇಷ ವಿವಾಹ ಕಾಯ್ದೆ 30 ದಿನಗಳ ಬಹಿರಂಗ ನೋಟಿಸ್ ಕೇಳುತ್ತದೆ. ರಾಜ್ಯದ 2022ರ ಮತಾಂತರ ತಡೆ ಕಾಯ್ದೆ ಇಂಥ ಮದುವೆಗಳ ಮೇಲೆ ಅನುಮಾನದ ನೆರಳು ಬೀರಿತು.

ನಮ್ಮ ತೀರ್ಮಾನ ಇಷ್ಟು: ಸಮ್ಮತಿ ಚರ್ಚಿಗೆ ಬಂದಿದೆ, ಮನೆಗೆ ಪೂರ್ತಿ ಬಂದಿಲ್ಲ. ಹಂದರ ಹಾಕಿ, ಬೀಗರು ಬಂದು ಕೂತ ಮೇಲೆ ಕೇಳಿದರೆ ‘ಒಲ್ಲೆ’ ಎನ್ನಲು ಯಾವ ಹುಡುಗಿಗೂ ಧೈರ್ಯ ಬರುವುದಿಲ್ಲ. ಫಾದರ್‌ಗಳೇ, ಪಾಸ್ಟರ್‌ಗಳೇ, ಮದುವೆಯ ಪ್ರಕಟಣೆ ಓದುವ ಮೊದಲು ಅವಳೊಬ್ಬಳನ್ನೇ ಕೂರಿಸಿಕೊಂಡು ನಿಜವಾಗಿ ಕೇಳಿ. ತಂದೆತಾಯಿಗಳೇ, ಮಾತುಕತೆಗೆ ಹೊರಡುವ ಮೊದಲೇ ಕೇಳಿ. ಅವಳು ಬೇಡವೆಂದರೆ ಆ ಸಂಬಂಧವನ್ನು ಅಲ್ಲಿಗೇ ಬಿಡಿ.