ಮುದ್ದೆ ಉರುಳಿಸೋ ಆಟದ ಪಾರ್ಟ್ 2

(1/8)

"ಕತಮಾರಿ" ಅಂದ್ರೆ ಜಪಾನಿ ಭಾಷೇಲಿ ಉಂಡೆ, ಹೆಂಟೆ. ನಮ್ಮ ಕಡೆಗೆ ತಂದ್ರೆ ಮುದ್ದೆ ಅಂತಲೇ ಅನ್ನಬಹುದು. ಹೆಸರಲ್ಲಿ ಮಾರಿ ಇದೆ ಅಂತ ಭಯ ಬೀಳಬೇಡಿ. ಇದರಲ್ಲಿ ಗನ್ ಇಲ್ಲ, ರಕ್ತ ಇಲ್ಲ. ಐದು ಸೆಂಟಿಮೀಟರ್ ಎತ್ತರದ ಒಬ್ಬ ರಾಜಕುಮಾರ ಒಂದು ಅಂಟುಂಡೆಯನ್ನ ತಳ್ಕೊಂಡು ಹೋಗ್ತಾನೆ. ಉಂಡೆಗಿಂತ ಚಿಕ್ಕದು ಏನೇ ಸಿಕ್ಕಿದ್ರೂ ಅಂಟ್ಕೊಳ್ಳುತ್ತೆ. ಮೊದಲು ಪಿನ್ನು, ರಬ್ಬರು. ಆಮೇಲೆ ಕಿತ್ತಳೆ ಹಣ್ಣು, ಬೆಕ್ಕು. ಆಮೇಲೆ ಸೈಕಲ್ಲು, ಕಿರುಚ್ಕೊಂಡು ಓಡೋ ಜನ, ಮನೆ, ಬೆಟ್ಟ. ಉಂಡೆ ದಪ್ಪ ಆದಷ್ಟೂ ಅಂಟೋ ಸಾಮಾನೂ ದೊಡ್ಡದು. ಆಟ ಇಷ್ಟೇ.

ಈ ಸಲದ ಸರಣಿ ಇದರ ಎರಡನೇ ಭಾಗದ ಬಗ್ಗೆ: "ವಿ ಲವ್ ಕತಮಾರಿ". ಸ್ಟೋರಿಲಿ ಸ್ಕ್ರೀನ್‌ಶಾಟ್ ಹಾಕಿದ್ದಕ್ಕೆ ಹನ್ನೊಂದು ಜನ "ಇದೇನ್ ಮಗಾ ಮಕ್ಕಳಾಟ" ಅಂತ ರಿಪ್ಲೈ ಮಾಡಿದ್ರಿ. ಹೌದು, ಮಕ್ಕಳಾಟಾನೇ. ಅದಕ್ಕೇ ಎಂಟು ಪೋಸ್ಟ್ ಬರೀತಿರೋದು.

(2/8)

ಮೊದಲು ಸ್ವಲ್ಪ ಹಿನ್ನೆಲೆ. ಮೊದಲನೇ ಆಟ "ಕತಮಾರಿ ದಮಾಶಿ" ಜಪಾನಲ್ಲಿ ಬಂದಿದ್ದು 2004ರ ಮಾರ್ಚಲ್ಲಿ, ಪ್ಲೇಸ್ಟೇಷನ್ 2ಕ್ಕೆ. ನಾವು ಯಾರೂ ಇನ್ನೂ ಹುಟ್ಟಿರಲಿಲ್ಲ. ಮಾಡಿದ್ದು ನಾಮ್ಕೊ ಕಂಪನಿ, ನಿರ್ದೇಶಕ ಕೇತಾ ತಕಹಾಶಿ. ಆ ಮನುಷ್ಯ ಓದಿದ್ದು ಕಂಪ್ಯೂಟರ್ ಅಲ್ಲ, ಶಿಲ್ಪಕಲೆ. ಅಮೆರಿಕದಲ್ಲಿ ಆಗ ಒಂದು ಹೊಸ ಆಟದ ಬೆಲೆ 50 ಡಾಲರ್ ಹತ್ತಿರ ಇದ್ರೆ ಇದನ್ನ 20 ಡಾಲರಿಗೆ ಮಾರಿದ್ರು. ಬಿಕಾಂ ಓದೋರಿಗೆ ಹೇಳಬೇಕಾಗಿಲ್ಲ, ಕಂಪನಿಗೇ ಇದರ ಮೇಲೆ ದೊಡ್ಡ ನಂಬಿಕೆ ಇರಲಿಲ್ಲ ಅಂತ ನನ್ನ ಲೆಕ್ಕ. ಅದೇ ಆಟವನ್ನ 2012ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ತನ್ನ ಸಂಗ್ರಹಕ್ಕೆ ತಗೊಂಡ್ತು. ಮೊದಲ ಸಲ ಆರಿಸಿದ 14 ವಿಡಿಯೋ ಗೇಮ್‌ಗಳಲ್ಲಿ ಇದೂ ಒಂದು.

ಜನಕ್ಕೆ ಹಿಡಿಸಿದ ಮೇಲೆ ಕಂಪನಿಗೆ ಪಾರ್ಟ್ 2 ಬೇಕಾಯ್ತು. ತಕಹಾಶಿಗೆ ಪಾರ್ಟ್ 2 ಮಾಡೋದ್ರಲ್ಲಿ ಆಸಕ್ತಿ ಇರಲಿಲ್ಲ. ಆದ್ರೂ ಮಾಡಿದ. 2005ರ ಜುಲೈನಲ್ಲಿ ಜಪಾನಲ್ಲಿ ಬಂತು. ಈಗ ನಮಗೆ ಸಿಗೋದು 2023ರಲ್ಲಿ ಬಂದ ಹೊಸ ರೂಪ. ಪಿಸಿಯಲ್ಲೂ ಆಡಬಹುದು, ನಾನು ಆಡಿದ್ದೂ ಮದ್ದೂರಿನ ಗೆಳೆಯನ ಲ್ಯಾಪ್‌ಟಾಪಲ್ಲೇ. ಕೀಬೋರ್ಡಲ್ಲಿ ಆಡಕ್ಕೆ ಹೋಗ್ಬೇಡಿ, ಕೈ ನೋವು ಬರುತ್ತೆ. ಒಂದು ಕಂಟ್ರೋಲರ್ ಎರವಲು ತಗೊಳ್ಳಿ. ಕಂಟ್ರೋಲರಿನ ಎರಡು ಕಡ್ಡಿ ನಿಮ್ಮ ಎರಡು ಕೈ ಅಂದ್ಕೊಳ್ಳಿ. ಎರಡನ್ನೂ ಮುಂದಕ್ಕೆ ತಳ್ಳಿದ್ರೆ ಉಂಡೆ ಮುಂದಕ್ಕೆ. ಒಂದು ಮುಂದೆ, ಒಂದು ಹಿಂದೆ ಅಂದ್ರೆ ತಿರುಗುತ್ತೆ. ತರಕಾರಿ ತಳ್ಳುಗಾಡಿ ತಿರುಗಿಸಿದೋರಿಗೆ ಎರಡು ನಿಮಿಷದಲ್ಲಿ ಬರುತ್ತೆ.

(3/8)

ಈಗ ವಿಷಯಕ್ಕೆ ಬರ್ತೀನಿ. ಪಾರ್ಟ್ 2 ಅಂದ್ರೆ ನಮ್ಮ ತಲೇಲಿ ಏನು ಬರುತ್ತೆ? ದೊಡ್ಡದು. 2022ರಲ್ಲಿ ಕೆಜಿಎಫ್ 2 ಬಂದಾಗ ಥಿಯೇಟರಲ್ಲಿ ಎದ್ದು ನಿಂತು ಕಿರುಚಿದ್ದು ಯಾಕೆ? ಗನ್ ದೊಡ್ಡದಾಗಿತ್ತು, ಆ ಗನ್ನಿನ ಬಾಯಲ್ಲೇ ಸಿಗರೇಟು ಹಚ್ಕೊಂಡ. ನನಗೂ ಇಷ್ಟ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ದೊಡ್ಡದು ಮಾಡೋದು ಒಂದು ದಾರಿ ಅಷ್ಟೇ. ಇನ್ನೊಂದು ದಾರಿ ಇದೆ ಅಂತ ನನಗೆ ತೋರಿಸಿದ್ದು ಈ ಮುದ್ದೆ ಆಟ.

ತಕಹಾಶಿ ಉಂಡೆಗೆ ಹೊಸ ಶಕ್ತಿ ಕೊಡಲಿಲ್ಲ. ರಾಜಕುಮಾರನಿಗೆ ಹಾರೋಕೆ, ಗುದ್ದೋಕೆ ಕಲಿಸಲಿಲ್ಲ. ಎರಡು ಕಡ್ಡಿ, ಒಂದು ಉಂಡೆ, ಅದೇ ತಳ್ಳಾಟ. ಬದಲಾಯಿಸಿದ್ದು ಒಂದೇ: ಯಾರಿಗೋಸ್ಕರ ಉರುಳಿಸ್ತಿದೀಯ ಅನ್ನೋದು.

ಮೊದಲ ಆಟದಲ್ಲಿ ರಾಜಕುಮಾರನ ಅಪ್ಪ, ಇಡೀ ಬ್ರಹ್ಮಾಂಡದ ರಾಜ, ಕುಡಿದ ಮತ್ತಲ್ಲಿ ಆಕಾಶದ ನಕ್ಷತ್ರ ಎಲ್ಲಾ ಒಡೆದು ಹಾಕ್ತಾನೆ. ಉಂಡೆ ಕಟ್ಟಿ ಅದನ್ನ ಸರಿ ಮಾಡೋ ಕೆಲಸ ಮಗನ ತಲೆ ಮೇಲೆ. ಎರಡನೇದರಲ್ಲಿ ಭೂಮಿ ಮೇಲಿನ ಅಭಿಮಾನಿಗಳು ಬಂದು ಕೇಳ್ತಾರೆ. ಅವರು ಮೊದಲ ಆಟ ಆಡಿ ಮೆಚ್ಚಿದೋರು! ಅಂದ್ರೆ "ಇನ್ನೊಂದು ಮಾಡಿ" ಅಂತ ಹಠ ಮಾಡಿದ ನಮ್ಮಂಥೋರನ್ನೇ ತಕಹಾಶಿ ಆಟದ ಒಳಗೆ ಪಾತ್ರ ಮಾಡಿ ಕೂರಿಸಿಬಿಟ್ಟ. ಇಷ್ಟ ಇಲ್ಲದ ಕೆಲಸವನ್ನ ಇಷ್ಟು ಚೆನ್ನಾಗಿ ಮಾಡಿ ಸೇಡು ತೀರಿಸ್ಕೊಂಡೋರು ಕಮ್ಮಿ.

(4/8)

ಆ ಕೋರಿಕೆಗಳನ್ನ ನೋಡಿ ಈಗ.

ಒಬ್ಬ ಹುಡುಗ ರಾತ್ರಿ ಓದಬೇಕು, ಬೆಳಕಿಲ್ಲ. ಮಿಣುಕುಹುಳ ಒಟ್ಟು ಮಾಡ್ಕೊಡು ಅಂತಾನೆ. ಕತ್ತಲಲ್ಲಿ ಉಂಡೆ ತಳ್ತಾ ಹೋದ ಹಾಗೆ ಉಂಡೇನೇ ದೀಪ ಆಗುತ್ತೆ. ಪರೀಕ್ಷೆ ಹಿಂದಿನ ರಾತ್ರಿ ಕರೆಂಟ್ ಹೋಗಿ ಮೊಬೈಲ್ ಟಾರ್ಚಲ್ಲಿ ಕಾಸ್ಟ್ ಅಕೌಂಟಿಂಗ್ ಲೆಕ್ಕ ಮಾಡಿರೋ ಯಾರಿಗಾದ್ರೂ ಇದು ಸುಮ್ಮನೆ ಆಟ ಅನ್ಸಲ್ಲ.

ಇನ್ನೊಂದರಲ್ಲಿ ಉಂಡೆಗೆ ಬೆಂಕಿ ಹತ್ತಿದೆ. ದೂರದಲ್ಲಿ ಜೋಡಿಸಿಟ್ಟ ಸೌದೆಗೆ ಆ ಬೆಂಕಿ ಮುಟ್ಟಿಸಬೇಕು. ದಾರೀಲಿ ಏನಾದ್ರೂ ಅಂಟಿಸ್ಕೊತಾ ಇರ್ಲಿಲ್ಲ ಅಂದ್ರೆ ಬೆಂಕಿ ಆರಿಹೋಗುತ್ತೆ, ನೀರಿಗೆ ಬಿದ್ರೂ ಮುಗೀತು. ಅದೇ ತಳ್ಳಾಟ, ಆದ್ರೆ ಈಗ ಎದೆ ಡವಡವ.

ಇನ್ನೊಂದರಲ್ಲಿ ಉಂಡೇನೇ ಇಲ್ಲ, ಒಬ್ಬ ಸುಮೋ ಪೈಲ್ವಾನ್ ಇದಾನೆ. ಅವನನ್ನೇ ಊಟದ ಮೇಲೆ ಉರುಳಿಸಿ ದಪ್ಪ ಮಾಡಿ ಎದುರಾಳಿ ಮೇಲೆ ಬಿಡಬೇಕು. ಗೆಳೆಯನ ಅಮ್ಮ ಹಿಂದೆ ನಿಂತು ನೋಡ್ತಾ "ಅಯ್ಯೋ, ಆ ಅನ್ನ ಬಿಟ್ಬುಟ್ಟೆ ಕಣೋ, ಈ ಕಡೆ ಐತೆ ನೋಡು" ಅಂತ ದಾರಿ ತೋರಿಸಿದ್ರು. ಅವರು ಇದುವರೆಗೆ ನಮ್ಮ ಯಾವ ಆಟವನ್ನೂ ಎರಡು ನಿಮಿಷ ನಿಂತು ನೋಡಿದೋರಲ್ಲ.

ನನಗೆ ಮನಸ್ಸಲ್ಲಿ ಉಳಿದಿದ್ದು ಕಾಗದದ ಕೊಕ್ಕರೆಗಳದ್ದು. ಸಾವಿರ ಕೊಕ್ಕರೆ ಮಡಚಿದ್ರೆ ಕಾಯಿಲೆ ವಾಸಿ ಆಗುತ್ತೆ ಅನ್ನೋದು ಜಪಾನಿನ ನಂಬಿಕೆ. ಹುಷಾರಿಲ್ಲದ ಒಂದು ಮಗುವಿಗೋಸ್ಕರ ಆ ಕೊಕ್ಕರೆ ಸೇರಿಸಬೇಕು. ಅಳಿಸೋ ಮ್ಯೂಸಿಕ್ ಇಲ್ಲ, ಡೈಲಾಗ್ ಇಲ್ಲ. ಒಂದೊಂದೇ ಕೊಕ್ಕರೆ ಅಂಟ್ಕೊಳ್ತಾ ಹೋಗುತ್ತೆ, ಅಷ್ಟೇ. ನಮ್ಮಲ್ಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಕಾಸು ಮುಡಿಪು ಕಟ್ಟಿಡಲ್ವಾ, ಆ ಥರ.

(5/8)

ಇಬ್ಬರು ಸೇರಿ ಆಡೋದೂ ಇದೆ. ಮೊದಲ ಆಟದಲ್ಲಿ ಇಬ್ಬರಿದ್ರೆ ಒಬ್ಬರ ಮೇಲೊಬ್ಬರು ಬೀಳಬೇಕಿತ್ತು. ಇಲ್ಲಿ ಇಬ್ಬರೂ ಒಂದೇ ಉಂಡೆ ತಳ್ಳಬಹುದು. ಇಬ್ಬರೂ ಒಂದೇ ಕಡೆಗೆ ಎಳೀಲಿಲ್ಲ ಅಂದ್ರೆ ಉಂಡೆ ನೆಟ್ಟಗೆ ಹೋಗಲ್ಲ. ಜೋಡೆತ್ತು ಅಂದ್ರೆ ಏನು ಅಂತ ಅವತ್ತು ಗೊತ್ತಾಯ್ತು. (2019ರ ಜೋಡೆತ್ತು ನೆನಪಾದ್ರೆ ನಾನು ಜವಾಬ್ದಾರಿ ಅಲ್ಲ.) ನಾನೂ ಗೆಳೆಯನೂ ಮೊದಲ ಕಾಲು ಗಂಟೆ ಬರೀ "ನಿನ್ ಕಡೆ ತಳ್ಳೋ", "ನೀನ್ ಬಿಡೋ ಮೊದ್ಲು" ಅಂತ ಕಿತ್ತಾಡಿದ್ವಿ. ಅದಾದ ಮೇಲೆ ಮಾತೇ ಬೇಕಾಗ್ಲಿಲ್ಲ.

(6/8)

ಈಗ ನಿಮ್ಮ ತಕರಾರಿಗೆ ಬರ್ತೀನಿ. "ಅದನ್ನೇ ಅದನ್ನೇ ಮಾಡೋದಲ್ವಾ, ಬೋರ್ ಆಗಲ್ವಾ?" ಆಗುತ್ತೆ, ಕೆಲವು ಕಡೆ. ಎರಡು ಗೋಡೆ ಮಧ್ಯೆ ಉಂಡೆ ಸಿಕ್ಕಾಕ್ಕೊಂಡ್ರೆ ಕ್ಯಾಮೆರಾಗೆ ಏನು ತೋರಿಸ್ಬೇಕು ಅಂತಲೇ ಗೊತ್ತಾಗಲ್ಲ. ದೊಡ್ಡ ಹಸು ಇಲ್ಲಾ ಕರಡಿ ಹುಡುಕಿ ಅಂಟಿಸೋ ಒಂದು ಹಂತ ಇದೆ, ಅಲ್ಲಿ ಯಾವುದೋ ಪುಟಾಣಿ ಹಸು ತಾಗಿದ್ರೂ ಅಲ್ಲಿಗೇ ಆಟ ಮುಗೀತು. ಕಂಟ್ರೋಲರ್ ಎಸೀಬೇಕು ಅನ್ಸುತ್ತೆ. ಆಟ ಉದ್ದಾನೂ ಇಲ್ಲ, ಎರಡು ವಾರಾಂತ್ಯಕ್ಕೆ ಮುಗಿಯುತ್ತೆ.

ಆದ್ರೆ ಮುಗಿಯುತ್ತಲ್ಲ, ಅದೇ ನನಗೆ ಬೇಕಾಗಿದ್ದು. ನಮ್ಮ ಫೋನಲ್ಲಿರೋ ಯಾವ ಆಟ ಮುಗಿಯುತ್ತೆ ಹೇಳಿ? ದಿನಾ ಬಾ, ಬಾರದಿದ್ರೆ ಬಹುಮಾನ ಹೋಯ್ತು, ಡಬ್ಬ ತೆಗಿ, ಡೈಮಂಡ್ ತಗೋ, ಬಟ್ಟೆ ತಗೋ, ರ‍್ಯಾಂಕ್ ಬಿತ್ತು ಮತ್ತೆ ಆಡು. ಅಲ್ಲೂ ಮಾಡೋ ಕೆಲಸ ಒಂದೇ, ಸುತ್ತಿ ಸುತ್ತಿ ಅದೇ. ಯಾರಿಗೋಸ್ಕರ ಅಂತ ಕೇಳಿದ್ರೆ ಉತ್ತರ ಇಲ್ಲ. ಇದ್ರೆ ಅದು ಕಂಪನಿಯ ಲಾಭ-ನಷ್ಟದ ಪಟ್ಟೀಲಿ ಇರುತ್ತೆ.

2025ರ ಆಗಸ್ಟಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನು ಪಾರ್ಲಿಮೆಂಟಲ್ಲಿ ಪಾಸ್ ಆಯ್ತಲ್ಲ, ಆವಾಗ ಊರಲ್ಲಿ ಅರಳೀಕಟ್ಟೆ ಮೇಲೆ ಕೂತೋರೆಲ್ಲ "ಗೇಮ್ ಬ್ಯಾನ್ ಆಯ್ತಂತೆ, ಒಳ್ಳೇದಾಯ್ತು" ಅಂದ್ರು. ಅವರದ್ದು ತಪ್ಪಲ್ಲ. ನಮಗೆ ಗೊತ್ತಿರೋ ಒಬ್ಬ ಹುಡುಗ ಸೆಮಿಸ್ಟರ್ ಫೀಸಿನ ದುಡ್ಡನ್ನ ಒಂದು ಆಪ್‌ಗೆ ಸುರಿದು ಕಾಲೇಜೇ ಬಿಟ್ಟ. ಅವರ ಮನೇಲಿ "ಗೇಮ್" ಅನ್ನೋ ಪದ ಈಗ ಇಸ್ಪೀಟು, ಜೂಜು ಇದ್ದ ಹಾಗೆ. ನನಗೆ ಸಂಕಟ ಆಗೋದು ಇಲ್ಲೇ. ಮಗು ಟೈರು ಓಡಿಸೋದೂ ಆಟ, ಫೀಸ್ ಕಳ್ಕೊಳ್ಳೋದೂ ಆಟ ಅಂದ್ರೆ ಹೆಂಗೆ? ಒಂದಕ್ಕೆ ಒಂದು ಸಲ ದುಡ್ಡು ಕೊಟ್ಟು, ಆಡಿ, ನಕ್ಕು, ಮುಚ್ಚಿಟ್ಟು ಊಟಕ್ಕೆ ಏಳ್ತೀವಿ. ಇನ್ನೊಂದು ಊಟದ ತಟ್ಟೆ ಪಕ್ಕಾನೂ ಕೂತಿರುತ್ತೆ. ಈ ಎರಡಕ್ಕೂ ಬೇರೆ ಬೇರೆ ಹೆಸರು ಇರಬೇಕಿತ್ತು.

ಟೈರು ಅಂದೆ ನೋಡಿ, ಅದನ್ನೇ ತಗೊಳ್ಳಿ. ಒಂದು ಹಳೇ ಸೈಕಲ್ ಟೈರು, ಒಂದು ಕೋಲು. ಮೊದಲು ಸುಮ್ಮನೆ ಓಡಿಸಿದ್ವಿ. ಆಮೇಲೆ ಪಂದ್ಯ. ಆಮೇಲೆ ಕೆಸರಲ್ಲಿ ಬೀಳಿಸದೇ ದಾಟಿಸೋದು. ಆಮೇಲೆ "ಟೈರಲ್ಲೇ ಹೋಗಿ ಅಂಗಡೀಲಿ ಬೆಂಕಿಪೊಟ್ಟಣ ತಗೊಂಬಾ" ಅಂತ ಅಜ್ಜಿ ಕಳಿಸ್ತಿದ್ರು, ಆವಾಗಂತೂ ನಾವು ಕೆಎಸ್ಸಾರ್ಟಿಸಿ ಡ್ರೈವರ್ರೇ. ಪಾರ್ಟ್ 2 ಬೇಕು ಅಂತ ಯಾರೂ ಲಾರಿ ಟೈರು ತರಲಿಲ್ಲ.

(7/8)

ಇನ್ನೊಂದು ಹೇಳ್ಬೇಕು, ಆ ರಾಜನ ಬಗ್ಗೆ. ನೀವು ಎಷ್ಟೇ ದೊಡ್ಡ ಉಂಡೆ ಕಟ್ಟಿ ತಂದ್ರೂ ಅಪ್ಪನಿಗೆ ಸಾಲಲ್ಲ. ಇಷ್ಟೇನಾ, ನಾವಾಗಿದ್ರೆ ಇನ್ನೂ ದೊಡ್ಡದು ಮಾಡ್ತಿದ್ವಿ ಅನ್ನೋ ಧಾಟಿ. (ತನ್ನನ್ನ "ನಾವು" ಅಂತಲೇ ಕರ್ಕೊಳ್ಳೋದು, ಮೈಸೂರು ಮಹಾರಾಜರ ಸೀರಿಯಲ್ ಥರ.) ಮೊದಲ ಆಟದಲ್ಲಿ ಅದು ಬರೀ ತಮಾಷೆ. ಇಂಟರ್ನಲ್ಸಲ್ಲಿ 20ಕ್ಕೆ 17 ತಂದಾಗ "ಆ ಮೂರು ಎಲ್ಲೋಯ್ತು" ಅಂತ ಕೇಳಿಸ್ಕೊಂಡಿರೋ ನಮಗೆ ಗೊತ್ತಿರೋ ತಮಾಷೆ.

ಎರಡನೇ ಆಟದಲ್ಲಿ ಹಂತಗಳ ಮಧ್ಯೆ ಆ ರಾಜನ ಬಾಲ್ಯ ತೋರಿಸ್ತಾರೆ. ಅವನಿಗೂ ಒಬ್ಬ ಅಪ್ಪ ಇದ್ದ. ತುಂಬಾ ಬಿಗಿ ಮನುಷ್ಯ. ಮಗ ಏನು ಮಾಡಿದ್ರೂ ಮೆಚ್ಚದವನು. ಮಗ ಮನೆ ಬಿಟ್ಟು ಓಡಿಹೋಗ್ತಾನೆ. ಇಬ್ಬರೂ ಕೊನೆಗೆ ಹೆಂಗೆ ಒಂದಾಗ್ತಾರೆ ಅನ್ನೋದನ್ನ ನಾನು ಹೇಳಲ್ಲ, ನೋಡ್ಕೊಳ್ಳಿ. ಅದು ಗೊತ್ತಾದ ಮೇಲೆ ರಾಜ ಮತ್ತೆ "ಇಷ್ಟೇನಾ" ಅಂದಾಗ ನಗು ಮೊದಲಿನ ಥರ ಬರಲ್ಲ. 2023ರ ರೂಪದಲ್ಲಿ ಆ ಚಿಕ್ಕ ರಾಜನಾಗಿ ನಾವೇ ಉಂಡೆ ಉರುಳಿಸೋ ಐದು ಹೊಸ ಹಂತ ಸೇರಿಸಿದ್ದಾರೆ. ಮಾತು ಬದಲಾಗಿಲ್ಲ, ತಳ್ಳೋದೂ ಬದಲಾಗಿಲ್ಲ, ಆದ್ರೂ ಆಟ ಬೇರೆ ಆಗಿದೆ. ಇದನ್ನೇ ನಾನು ಆಗಿನಿಂದ ಹೇಳೋಕೆ ಒದ್ದಾಡ್ತಿರೋದು.

ಈ ಎರಡನೇದಾದ ಮೇಲೆ ತಕಹಾಶಿ ಕತಮಾರಿ ಕೈಬಿಟ್ಟ. 2010ರಲ್ಲಿ ಕಂಪನಿಯನ್ನೂ ಬಿಟ್ಟ. ಕತಮಾರಿ ಹೆಸರಲ್ಲಿ ಆಮೇಲೂ ಆಟಗಳು ಬಂದಿವೆ, ಅವನಿಲ್ಲದೆ. ಆಡಿದೋರು ಹೇಳಿ, ಹೆಂಗಿವೆ?

(8/8)

ಆ ಆಟದಲ್ಲಿ ಅಂಟೋದೆಲ್ಲ ಜಪಾನಿನ ಒಂದು ಸಾಧಾರಣ ಮನೆ, ಬೀದಿ, ಶಾಲೆಯ ಸಾಮಾನು. ನಮಗೆ ಅರ್ಧಕ್ಕರ್ಧ ಹೆಸರು ಗೊತ್ತಿಲ್ಲ, ಆದ್ರೂ ಆ ಬೀದಿ ನಮ್ಮದೇ ಅನ್ಸುತ್ತೆ. ಹಂಗಾದ್ರೆ ಆತಗೂರಲ್ಲಿ ಒಂದು ಹಂತ ಇದ್ದಿದ್ರೆ?

ಹುಣಸೆಬೀಜದಿಂದ ಶುರು. ಆಮೇಲೆ ಬೆಂಕಿಪೊಟ್ಟಣ, ಬೀಡಿ ಕಟ್ಟು, ಬಳಪ, ಕೋಳಿಮರಿ, ಕೋಳಿ (ಓಡುತ್ತೆ, ಕಷ್ಟ), ಡೈರಿಯ ಹಾಲಿನ ಕ್ಯಾನು, ಟಿವಿಎಸ್ ಎಕ್ಸೆಲ್ಲು ಅದರ ಮೇಲಿನ ಹುಲ್ಲಿನ ಹೊರೆ ಸಮೇತ, ತೆಂಗಿನಮರ, ಕಬ್ಬು ತುಂಬಿದ ಟ್ರ್ಯಾಕ್ಟರು, ಕೊನೆಗೆ ಬೆಳಗ್ಗೆ ಮದ್ದೂರಿಗೆ ಹೋಗೋ ಬಸ್ಸು, ಬಾಗಿಲಲ್ಲಿ ನೇತಾಡೋ ನಮ್ಮನ್ನೆಲ್ಲ ಸೇರಿಸಿ.

ಕೋರಿಕೆಗಳೂ ಯೋಚಿಸಿದೀನಿ. ಆಲೆಮನೆಯವರು ಕೇಳ್ತಾರೆ: ಕೊಪ್ಪರಿಗೆ ಕೆಳಗಿನ ಬೆಂಕಿ ಆರೋದ್ರೊಳಗೆ ಒಣಗಿದ ಕಬ್ಬಿನ ಸಿಪ್ಪೆ ಉರುಳಿಸ್ಕೊಂಡು ಬಾ. ಇಬ್ಬರು ಅಜ್ಜಿಯರು ಕೇಳ್ತಾರೆ: ಚೌಕಾಬಾರದ ಕವಡೆ ಒಂದು ಕಳೆದೋಯ್ತು, ಊರೆಲ್ಲ ಉರುಳಿಸಿಯಾದ್ರೂ ಹುಡುಕಿಕೊಡು. ಬೆಂಗಳೂರಲ್ಲಿ ಕೆಲಸಕ್ಕಿರೋ ಒಬ್ಬ ಅಣ್ಣ ಕೇಳ್ತಾನೆ: ಹಬ್ಬಕ್ಕೆ ರಜಾ ಸಿಗಲಿಲ್ಲ, ಊರನ್ನೇ ಉಂಡೆ ಕಟ್ಟಿ ಕಳಿಸು.

ನಿಮ್ಮೂರಲ್ಲಿ ಯಾರು ಏನು ಕೇಳ್ತಾರೆ? ಕಾಮೆಂಟಲ್ಲಿ ಹಾಕಿ. ಮಳವಳ್ಳಿಯೋರು ಹೋದ ಸಲ ಒಬ್ಬರೂ ಬರೀಲಿಲ್ಲ, ಲೆಕ್ಕ ಇಟ್ಟಿದೀನಿ.

#ಕತಮಾರಿ #ಮುದ್ದೆಆಟ #ಆತಗೂರು #ಬಿಕಾಂಹುಡುಗರು